ಸಂಪಿಗೆ ಗಿಡ: ಎರಡನೇ ಸಲ ನೆಟ್ಟಾಗ ನಾನು ಮಾಡಿದ್ದು

ನನ್ನ ಮೊದಲ ಸಂಪಿಗೆ ಗಿಡ ನೀರು ಜಾಸ್ತಿಯಾಗಿ ಸತ್ತಿತು. ಅಂಗಳದ ತಗ್ಗಿನಲ್ಲಿ ನೆಟ್ಟಿದ್ದೆ. ಮಳೆ ಬಿಟ್ಟ ಮೇಲೆ ಎಲೆಗಳು ಹಳದಿಯಾಗಿ ಜೋತುಬಿದ್ದವು. ಬಾಯಾರಿದೆ ಅಂದುಕೊಂಡು ಇನ್ನೂ ನೀರು ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಬೇರು ಕಪ್ಪಾಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಕಳಚಿ ಬರುವಷ್ಟು ಕೊಳೆತಿತ್ತು. ತುಂಬಾ ಬೇಜಾರಾಯಿತು.

ಸಂಪಿಗೆಯೂ ಮ್ಯಾಗ್ನೋಲಿಯಾ ಅನ್ನುವ ಮರಗಳ ಕುಲಕ್ಕೇ ಸೇರಿದ್ದು. ಮೊದಲು ಮೈಕೇಲಿಯಾ ಅಂತ ಬೇರೆ ಕುಲದಲ್ಲಿ ಇಟ್ಟಿದ್ದರು, ಈಗ ಮ್ಯಾಗ್ನೋಲಿಯಾ ಚಂಪಕ ಅನ್ನುತ್ತಾರೆ. ಈ ಕುಲದ ಮರಗಳ ಬೇರು ದಪ್ಪ, ಆದರೆ ಮೆತ್ತಗೆ. ಮುರಿದರೆ ಬೇಗ ಸುಧಾರಿಸಿಕೊಳ್ಳುವುದಿಲ್ಲ, ನೀರು ನಿಂತರಂತೂ ಕೊಳೆಯುತ್ತದೆ.

ಎರಡನೇ ಸಲ ಗುಂಡಿ ತೋಡಿ ಮೊದಲು ನೀರು ತುಂಬಿಸಿ ನೋಡಿದೆ. ಒಂದು ಕಡೆ ಮರುದಿನ ಬೆಳಿಗ್ಗೆಯೂ ನೀರು ಹಾಗೇ ಇತ್ತು, ಆ ಜಾಗ ಬಿಟ್ಟೆ. ಇನ್ನೊಂದು ಕಡೆ ಒಂದೆರಡು ಗಂಟೆಯಲ್ಲಿ ಇಂಗಿತು. ಅಲ್ಲೇ ನೆಟ್ಟೆ, ಗೋಡೆಯಿಂದ 20 ಅಡಿ ಬಿಟ್ಟು, ಯಾಕೆಂದರೆ ಇದು 30 ಮೀಟರಿಗೂ ಮೇಲೆ ಬೆಳೆಯಬಲ್ಲ ಮರ, ಆಮೇಲೆ ಕಿತ್ತು ಬೇರೆ ಕಡೆ ಇಡೋಣ ಅಂದರೆ ಆಗುವ ಮಾತಲ್ಲ ಅಲ್ವಾ?

ಈ ಸಲ ತಂದಿದ್ದು ಕಸಿ ಗಿಡ. ಚೀಲ ಹರಿದು, ಬೇರಿನ ಮಣ್ಣು ಉದುರದ ಹಾಗೆ ಇಳಿಸಿದೆ. ಕಸಿ ಗಂಟು, ಅಂದರೆ ಕೆಳಗಿನ ಗಿಡಕ್ಕೆ ಮೇಲಿನದನ್ನು ಕೂಡಿಸಿದ ಜಾಗ, ನೆಲದಿಂದ ಮೇಲೆಯೇ ಇರಬೇಕು. ಗಂಟಿನ ಕೆಳಗೆ ಚಿಗುರು ಬಂದರೆ ಆಗಲೇ ಚಿವುಟಿ ಹಾಕಿ, ಬಿಟ್ಟರೆ ಕೆಳಗಿನ ಗಿಡವೇ ಬೆಳೆದು ಮೇಲಿನದು ಸೊರಗುತ್ತದೆ. ಬುಡದ ಸುತ್ತ ತರಗೆಲೆ ಹರಡಿದೆ, ಕಾಂಡಕ್ಕೆ ತಾಗದಂತೆ. ಬುಡದಲ್ಲಿ ಅಗೆಯೋಕೆ ಹೋಗಲೇ ಇಲ್ಲ, ಕಳೆ ಬಂದರೆ ಕೈಯಲ್ಲೇ ಕಿತ್ತೆ. ನೀರು ಹಾಕುವ ಮುಂಚೆ ಬೆರಳು ಇಳಿಸಿ ನೋಡುತ್ತಿದ್ದೆ, ಒಳಗೆ ತಂಪಿದ್ದರೆ ಆ ದಿನ ಬೇಡ.

ಎರಡನೇ ವರ್ಷ ಎಲೆಯ ಸಂದಿಯಲ್ಲಿ ಸಣ್ಣ ರೋಮದ ಮೊಗ್ಗು ಕಂಡಿತು. ಅದು ಎಲೆ ಚಿಗುರೋ ಹೂವೋ ಅಂತ ದಿನಾ ಹೋಗಿ ನೋಡುತ್ತಿದ್ದೆ. ಒಂದು ಸಂಜೆ ಮೇಲಿನ ಸಿಪ್ಪೆ ಉದುರಿ, ಒಳಗಿಂದ ಹಳದಿ ಎಸಳು ಇಣುಕಿತು. ಎಷ್ಟು ಖುಷಿಯಾಯಿತು ಅಂದರೆ, ಕತ್ತಲಾಗುವವರೆಗೂ ಅಲ್ಲೇ ನಿಂತಿದ್ದೆ.

ಬೀಜದಿಂದಲೂ ಪ್ರಯತ್ನಿಸಿದ್ದೇನೆ. ಒಣಗಿಸಿ ಎತ್ತಿಟ್ಟ ಬೀಜ ಒಂದೂ ಮೊಳೆಯಲಿಲ್ಲ. ಕಾಯಿ ಬಿರಿದ ಕೂಡಲೇ ತೆಗೆದು, ಮೇಲಿನ ಕೆಂಪು ತಿರುಳನ್ನು ನೀರಲ್ಲಿ ಉಜ್ಜಿ ತೊಳೆದು ಅವತ್ತೇ ಹಾಕಿದವು ಮೊಳೆತವು. ಬೀಜದ ಗಿಡ ಹೂ ಬಿಡಲು ಹಲವು ವರ್ಷ ಬೇಕು. ಉದ್ದನೆಯ ಚೀಲದಲ್ಲಿ ನಾಲ್ಕು ಸಸಿ ಈಗ ಮೊಣಕಾಲೆತ್ತರ ಇವೆ.