ತೋನ್ಸೆಪಾರಿನ ಕಲ್ಲು ನಾಲ್ಕನೇ ಸಲಕ್ಕೆ ಸಿಕ್ಕಿತು

ಮಲ್ಪೆಯಿಂದ ಬೋಟಿನಲ್ಲಿ ಹೋಗಿ ತೋನ್ಸೆಪಾರ್, ಅಂದರೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ಒಳ್ಳೆ ಫೋಟೋ ತೆಗೆಯೋಕೆ ಆಗಲ್ಲ ಅಂತ ನಮ್ಮ ಫೋಟೋ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಬೆಳಗಾಗುವ ಹೊತ್ತಿಗೆ ಬೋಟ್ ಇಲ್ಲ. ನಾವು ಇಳಿಯುವಾಗ ಬಿಸಿಲು ಚುರುಗುಟ್ಟುತ್ತದೆ, ಕಲ್ಲು ಕರಿ ಮುದ್ದೆ ಥರ ಬರುತ್ತದೆ ಅನ್ನೋದು ಅವರ ಮಾತು. ಆಗಲ್ಲ ಅಂದ ಆ ಫೋಟೋ ಈಗ ನಮ್ಮ ಮನೆ ಹಾಲ್‌ನ ಗೋಡೆ ಮೇಲಿದೆ.

ಮೊದಲ ಸಲ ಡಿಸೆಂಬರಿನ ಭಾನುವಾರ ಹೋದೆ. ತಪ್ಪು. ಒಂದೊಂದು ಕಂಬದ ಮೇಲೂ ಒಬ್ಬೊಬ್ಬರು ಸೆಲ್ಫಿ ತೆಗೀತಾ ನಿಂತಿದ್ದರು. ಕೆಳಗಿನ ಸಾಲೆಲ್ಲ ನೀರಿನಡಿ ಹೋಗಿತ್ತು.

ಎರಡನೇ ಸಲ ಜಾಣತನ ತೋರಿಸೋಕೆ ಹೋಗಿ ಹುಣ್ಣಿಮೆ ದಿನ ಹೋದೆ. ಆವತ್ತು ಸಮುದ್ರದ ಇಳಿತ ದೊಡ್ಡದು, ಬುಡದವರೆಗೆ ಕಾಣುತ್ತೆ ಅಂದುಕೊಂಡಿದ್ದೆ. ಬೋಟಿನವರು ನಕ್ಕರು. "ಹುಣ್ಣಿಮೆಗೆ ಬಂದ್ರೆ ಹೇಗೆ ಮಾರಾಯ್ರೆ? ಬೆಳಗಿನ ಜಾವಕ್ಕೇ ಇಳಿದು ಆಯ್ತು. ಈಗ ನೀರು ಏರ್ತಾ ಉಂಟಲ್ಲ!"

ಅಲ್ಲಿಗೆ ಗುಟ್ಟು ಸಿಕ್ಕಿತು. ಇಳಿತ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತದೆ. ಹುಣ್ಣಿಮೆಯೋ ಅಮಾವಾಸ್ಯೆಯೋ ಆಗಿ ನಾಲ್ಕೈದು ದಿನ ಬಿಟ್ಟರೆ ಅದು ಮೊದಲ ಬೋಟಿನ ಹೊತ್ತಿಗೆ ಬಂದು ಕೂರುತ್ತದೆ. ನೀರು ಹುಣ್ಣಿಮೆಯಷ್ಟು ಇಳಿಯಲ್ಲ, ನಿಜ. ಆದರೆ ನಾನು ಅಲ್ಲಿರುವಾಗ ಇಳಿದಿರುತ್ತದೆ, ಅಷ್ಟು ಸಾಕಲ್ವಾ?

ಮೂರನೇ ಸಲ ದಿನ ಸರಿಯಾಗಿತ್ತು, ಕೈ ಸರಿಯಿರಲಿಲ್ಲ. ಟ್ರೈಪಾಡಿನ ಕಾಲು ಎರಡು ಕಂಬಗಳ ಸಂದಿಗೆ ಜಾರಿತು. ಕ್ಯಾಮೆರಾ ಉಳಿಯಿತು, ಲೆನ್ಸಿನ ಮುಂದೆ ಹಾಕುವ, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಒಡೆಯಿತು. ಸುಮಾರು ಎರಡು ಸಾವಿರ ಹೋಯಿತು. ಬೋಟಿಗೆ ಮುನ್ನೂರು ಚಿಲ್ಲರೆ, ಬಸ್ಸು, ರೂಮು, ಊಟ ಅಂತ ನಾಲ್ಕು ಸಲಕ್ಕೂ ಸೇರಿ ಹದಿನೈದು ಸಾವಿರದ ಹತ್ತಿರ ಆಗಿರಬೇಕು. ಮನೆಯಲ್ಲಿ ಒಂಬತ್ತು ಅಂತ ಹೇಳಿದ್ದೇನೆ.

ನಾಲ್ಕನೇ ಸಲ ಫೆಬ್ರವರಿಯ ಮಂಗಳವಾರ. ಮೊದಲ ಬೋಟ್. ಎಲ್ಲರೂ ಎತ್ತರದ ಕಂಬಗಳ ಕಡೆ ಹೋದರು, ನಾನು ನೀರಂಚಿಗೆ ಇಳಿದೆ. ಕಂಬಗಳನ್ನು ನಿಲುವಿನಲ್ಲಿ ತೆಗೆಯೋದು ಬಿಟ್ಟು, ಅವುಗಳ ನೆತ್ತಿಯನ್ನು ಮೇಲಿನಿಂದ ತೆಗೆದೆ. ಒಣಗಿದ ಕಲ್ಲಿಗೆ ಬಣ್ಣವೇ ಇಲ್ಲ. ಒಂದು ಮಗ್ ಸಮುದ್ರದ ನೀರು ಸುರಿದರೆ ನೆತ್ತಿ ಕಪ್ಪಾಗುತ್ತದೆ. ಎರಡು ನಿಮಿಷದಲ್ಲಿ ನಡುಭಾಗ ಒಣಗಿ ಬೂದಿ ಬಣ್ಣಕ್ಕೆ ಬರುತ್ತದೆ, ಸಂದಿಯಲ್ಲಿ ಮಾತ್ರ ನೀರು ಉಳಿದು ಹೊಳೆಯುತ್ತದೆ. ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಹಾಗೆ ಜೇನುಗೂಡು ಎದ್ದು ಬರುತ್ತದೆ. ಅದಕ್ಕೆ ಬೇಕಾಗಿದ್ದು ಅದೇ ಚುರುಕು ಬಿಸಿಲು! ಪೋಲರೈಸರನ್ನು ಪೂರ್ತಿ ತಿರುಗಿಸಬೇಡಿ, ಸಂದಿಯ ಹೊಳಪೂ ಹೋಗುತ್ತದೆ. ಎಷ್ಟು ತಿರುಗಿಸಿದೆ, ಯಾವ ಬಂಡೆ ಮೇಲೆ ನಿಂತಿದ್ದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಕಾಯುವಾಗ ಸುಮ್ನೆ ನೂರು ಕಂಬಗಳ ಮೂಲೆ ಎಣಿಸಿದೆ. ಎಲ್ಲವೂ ಆರು ಮೂಲೆಯವಲ್ಲ. ಅರ್ಧದ ಹತ್ತಿರ ಕಂಬಗಳಿಗೆ ಆರು ಮೂಲೆ, ಮೂವತ್ತು ಚಿಲ್ಲರೆ ಕಂಬಗಳಿಗೆ ಐದು, ಉಳಿದವಕ್ಕೆ ನಾಲ್ಕೋ ಏಳೋ. ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಇದು. ತಣಿದು ಕುಗ್ಗುವಾಗ ಬಿರುಕು ಬಿಟ್ಟು ಕಂಬವಾಯಿತು, ಸ್ಕೇಲ್ ಹಿಡಿದು ಸೀಳಲಿಲ್ಲ ನೋಡಿ.

ಹೀಗೆ ಕುಗ್ಗಿ ಕಂಬವಾಗೋದನ್ನು ಮನೆಯಲ್ಲೂ ಮಾಡಿ ನೋಡಿದೆ. ಕಾರ್ನ್ ಫ್ಲೋರಿಗೆ ಅಷ್ಟೇ ನೀರು ಕಲಸಿ, ಬಟ್ಟಲಿಗೆ ಹಾಕಿ ಬಲ್ಬಿನ ಕೆಳಗೆ ಇಟ್ಟೆ. ಮೂರು ದಿನಕ್ಕೆ ಮೇಲೆ ದೊಡ್ಡ ಬಿರುಕು ಬಿಟ್ಟಿತು, ಕೆಟ್ಟಿತು ಅಂತ ಚೆಲ್ಲೋಕೆ ಹೊರಟಿದ್ದೆ. ಐದೋ ಆರೋ ದಿನವಾದ ಮೇಲೆ ಒಂದು ತುಂಡು ಎತ್ತಿ ಮಗುಚಿದರೆ, ಅಡಿಯಲ್ಲಿ ಬೆಂಕಿಕಡ್ಡಿ ದಪ್ಪದ ಕಂಬಗಳು ಸಾಲಾಗಿ ನಿಂತಿದ್ದವು. ಗುಂಪಿನವರು ಮನೆಗೆ ಬಂದರೆ ಮೊದಲು ಆ ಬಟ್ಟಲು ತೋರಿಸುತ್ತೇನೆ, ಆಮೇಲೆ ಗೋಡೆ.