ಹಾಸ್ಟೆಲ್ ಕಟ್ಟಲಿಲ್ಲ, ಅಜ್ಜಿಗೆ ಕೊಟ್ಟೆವು: ನನ್ನ ಅನುಭವ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಬೆಂಗಳೂರಿನ ನಮ್ಮ ಚರ್ಚಿನ ಸಭೆಯಿಂದಲೂ ಒಂದು ಲಾರಿ ಹೋಯಿತು. ಬಾಡಿಗೆ ಹದಿನೆಂಟು ಸಾವಿರವೋ ಏನೋ. ಲಾರಿ ತುಂಬ ಹಳೇ ಬಟ್ಟೆ. ಮಡಿಕೇರಿ ಹತ್ತಿರದ ಕ್ಯಾಂಪಿನಲ್ಲಿ ಇಳಿಸೋಣ ಅಂದರೆ ವರಾಂಡದಲ್ಲಿ ಆಗಲೇ ಬಟ್ಟೆ ರಾಶಿ ಬಿದ್ದು ನೆನೆಯುತ್ತಿತ್ತು. ನಮ್ಮ ಮೂಟೆ ಬಿಚ್ಚಿದರೆ ಮೊದಲು ಬಂದದ್ದು ಮದುವೆ ಕೋಟು, ಜೊತೆಗೆ ಟೈ. ಅದೇ ಹದಿನೆಂಟು ಸಾವಿರ ಕೈಯಲ್ಲಿದ್ದಿದ್ದರೆ ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಕೂತಿದ್ದೆ.

ಆಮೇಲೆ ಶುರುವಾಯಿತು ಹಾಸ್ಟೆಲ್ ಮಾತು. ಅಪ್ಪ ಅಮ್ಮ ಕಳೆದುಕೊಂಡ ಮಕ್ಕಳನ್ನು ಇಲ್ಲಿಗೇ ಕರೆತರೋಣ, ಕನಕಪುರ ರಸ್ತೆ ಕಡೆ ಸೈಟು ಕೊಡುವವರಿದ್ದಾರೆ ಅಂತ. ಎಸ್ಟಿಮೇಟು ಎಪ್ಪತ್ತು ಲಕ್ಷದ ಹತ್ತಿರ. ಅಡುಗೆಯವರು, ವಾರ್ಡನ್ ಸಂಬಳ ಬೇರೆ. ನಾನು ಬೇಡ ಅಂದೆ. ಆ ಮಕ್ಕಳಿಗೆ ಅಜ್ಜಿ ಇದ್ದಾರೆ, ಚಿಕ್ಕಪ್ಪ ಇದ್ದಾರೆ. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಅಂತ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಆದರೆ ಕಮಿಟಿಯಲ್ಲಿ ಕಾಯ್ದೆ ಓದಿದರೆ ಯಾರು ಕೇಳುತ್ತಾರೆ? ಬೈಬಲಿನ ಯಾಕೋಬನ ಪತ್ರಿಕೆ 1:27 ತೆಗೆದೆ, ಸಂಕಟದಲ್ಲಿರುವ ದಿಕ್ಕಿಲ್ಲದವರನ್ನು ನೋಡಿಕೊಳ್ಳುವುದೇ ನಿಜವಾದ ಭಕ್ತಿ ಅನ್ನುವ ವಚನ. ಎಲ್ಲರೂ 'ದಿಕ್ಕಿಲ್ಲದವರು' ಅನ್ನುವಲ್ಲಿಗೇ ನಿಲ್ಲಿಸುತ್ತಾರೆ. ಪಕ್ಕದಲ್ಲೇ ವಿಧವೆಯರೂ ಇದ್ದಾರಲ್ಲ! ಮಕ್ಕಳನ್ನು ಇಟ್ಟುಕೊಂಡ ಅಜ್ಜಿಯರೆಲ್ಲ ವಿಧವೆಯರೇ. ಅವರ ಮನೆ ನಿಲ್ಲಿಸಿದರೆ ಎರಡೂ ಮಾಡಿದ ಹಾಗೆ ಅಂದೆ.

"ಅಜ್ಜಿ ಕೈಗೆ ದುಡ್ಡು ಕೊಟ್ರೆ ಮಗುಗೆ ಸೇರುತ್ತೇನಪ್ಪಾ?" ಅಂತ ಹಿರಿಯರೊಬ್ಬರು ನಕ್ಕರು. ನಮ್ಮ ಪಾದ್ರಿ ಅಯ್ಯನವರು ಮಾತ್ರ ಒಂದು ವರ್ಷ ಮಾಡಿ ನೋಡಿ ಅಂದರು.

ಮೊದಲ ವರ್ಷ ಹಿರಿಯರ ಮಾತೇ ನಿಜವಾಯಿತು. ಮೂರು ಮಕ್ಕಳು, ಎರಡು ಮನೆ. ಒಂದು ಮನೆಗೆ ಒಟ್ಟಿಗೆ ಇಪ್ಪತ್ತೈದು ಸಾವಿರ ಕೊಟ್ಟೆ. ಅದು ಚಿಕ್ಕಪ್ಪನ ಕೈಸಾಲಕ್ಕೆ ಹೋಯಿತು. ಅವನದೂ ತಪ್ಪಲ್ಲ ಬಿಡಿ, ಸಾಲದವರು ಬಾಗಿಲಲ್ಲೇ ಕೂತಿದ್ದರು. ತಪ್ಪು ನನ್ನದು. ಅಂದಿನಿಂದ ತಿಂಗಳು ತಿಂಗಳು, ಸ್ವಲ್ಪ ಸ್ವಲ್ಪ, ಮಗುವಿನ ಮತ್ತು ಅಜ್ಜಿಯ ಹೆಸರು ಎರಡೂ ಇರುವ ಖಾತೆಗೆ. ಮೊದಲು ಎರಡೂವರೆ ಸಾವಿರ, ಈಗ ಮೂರೂವರೆ. ಫೀಸು ನೇರ ಶಾಲೆಗೆ. ಇನ್ನೊಂದು ವಿಷಯ: ಚಿಕ್ಕಪ್ಪನ ಕಡೆ, ಅಜ್ಜಿ ಕಡೆ ಇಬ್ಬರನ್ನೂ ಕೂರಿಸಿಕೊಂಡು ಮೊದಲ ದಿನ ನಾನೊಂದು ಪ್ರಶ್ನೆ ಕೇಳುತ್ತೇನೆ. ಆಮೇಲೆ ದುಡ್ಡಿನ ಜಗಳ ಮುಕ್ಕಾಲು ಪಾಲು ಬರುವುದೇ ಇಲ್ಲ. ಆ ಪ್ರಶ್ನೆಯನ್ನು ಇಲ್ಲಿ ಬರೆಯಲ್ಲ. ಎದುರಿಗೆ ಸಿಕ್ಕವರಿಗೆ ಹೇಳುತ್ತೇನೆ.

ಫೋಟೊ ವಿಷಯದಲ್ಲಿ ಜಾಸ್ತಿ ಪೆಟ್ಟು ತಿಂದೆ. ದುಡ್ಡು ಕೊಟ್ಟವರಿಗೆ ಮಗುವಿನ ಮುಖ ಬೇಕು. ಒಂದು ಹುಡುಗಿಯ ಕೈಯಲ್ಲಿ ಚೆಕ್ ಹಿಡಿಸಿ ಫೋಟೊ ತೆಗೆಸಿದೆವು. ಮುಂದಿನ ಎರಡು ಭೇಟಿಯಲ್ಲಿ ಅವಳು ಅಡುಗೆಮನೆಯಿಂದ ಆಚೆಗೇ ಬರಲಿಲ್ಲ. ಇಂಥ ಮಕ್ಕಳ ಗುರುತು ಪ್ರಕಟಿಸಬಾರದು ಅಂತ ಅದೇ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ ಅನ್ನುವುದು ನನಗೆ ಆಮೇಲೆ ಹೊಳೆಯಿತು. ನಾಚಿಕೆಗೇಡು. ಫೋಟೊ ನಿಲ್ಲಿಸಿದೆವು, ಮೂವರು ದಾನಿಗಳು ಬಿಟ್ಟುಹೋದರು. ವರ್ಷಕ್ಕೆ ನಲವತ್ತು ಸಾವಿರದಷ್ಟು ಖೋತಾ.

ಬೈಬಲ್ ಹಂಚುತ್ತೀರಾ ಅಂತ ಊರವರೂ ಕೇಳಿದರು, ಯಾಕೆ ಹಂಚಲ್ಲ ಅಂತ ನಮ್ಮವರೂ ಕೇಳಿದರು. ಈಗಿರುವ ಒಂಬತ್ತು ಮಕ್ಕಳಲ್ಲಿ ಕ್ರೈಸ್ತರು ಇಬ್ಬರೇ. ಮಿಕ್ಕವರಿಗೆ ಹೊಸ ಬಟ್ಟೆ ದಸರಾಕ್ಕೆ, ಕ್ರಿಸ್‌ಮಸ್‌ಗಲ್ಲ. ಇಲ್ಲಿ ಪ್ರಾರ್ಥನೆ ಮಾಡುತ್ತೇವೆ, ಅಲ್ಲಿ ಹೋದಾಗ ಅಕ್ಕಿ ರೊಟ್ಟಿ ತಿಂದು ಬರುತ್ತೇವೆ.

ಮಧ್ಯೆ ಕೋಳಿ ಪ್ರಯೋಗ. ಅಜ್ಜಿಯರಿಗೆ ಆದಾಯ ಆಗಲಿ ಅಂತ ಮನೆಗೆ ಹತ್ತು ನಾಟಿ ಕೋಳಿ. ಆರು ತಿಂಗಳಲ್ಲಿ ಒಂದು ಮನೆಯಲ್ಲಿ ಉಳಿದದ್ದು ಒಂದು ಹುಂಜ. ಮುಂಗುಸಿಗೂ ನೆಂಟರಿಗೂ ಸಮಪಾಲು. ಹೊಲಿಗೆ ಮೆಷಿನ್ ಮಾತ್ರ ಕೈ ಹಿಡಿಯಿತು. ಸೆಕೆಂಡ್ ಹ್ಯಾಂಡ್, ನಾಲ್ಕು ಸಾವಿರದ ಚಿಲ್ಲರೆ.

ದುಡ್ಡಿನಿಂದ ಆಗದ್ದು ಒಂದಿತ್ತು, ಮಳೆಯ ಭಯ. ಫೋಟೊಗೆ ಮುನಿಸಿಕೊಂಡ ಆ ಹುಡುಗಿ ಜೂನ್ ಬಂದರೆ ಶಾಲೆ ಬ್ಯಾಗನ್ನು ತಲೆದಿಂಬಿನ ಪಕ್ಕ ಇಟ್ಟು ಮಲಗುತ್ತಿದ್ದಳು. ಒಳಗೆ ಆಧಾರ್, ರೇಷನ್ ಕಾರ್ಡು, ಅಮ್ಮನ ಒಂದು ಫೋಟೊ, ಎಲ್ಲ ಹಾಲಿನ ಕವರಿನಲ್ಲಿ ಸುತ್ತಿ. ಬ್ಯಾಗಿನ ಮೇಲೆ ಚಪ್ಪಲಿ. ನಾವು ಸುಮ್ನೆ ಒಂದು ಕೆಲಸ ಮಾಡಿದೆವು. ಮಳೆಗಾಲದ ಎರಡು ತಿಂಗಳು ದಿನಾ ರಾತ್ರಿ ಎಂಟಕ್ಕೆ ಸಭೆಯ ಒಬ್ಬರು ಫೋನ್ ಮಾಡುವುದು, ಸರದಿ ಮೇಲೆ. ಉಪದೇಶ ಇಲ್ಲ, ಏನು ಸಾರು ಅಂತ ಕೇಳುವುದಷ್ಟೇ. ಮೂರನೇ ಮಳೆಗಾಲಕ್ಕೆ ಎಂಟಾಗುವ ಮೊದಲೇ ಅವಳದೇ ಮಿಸ್ಡ್ ಕಾಲ್ ಬರತೊಡಗಿತು. 2025ರಲ್ಲಿ ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸ್. ನಕ್ಕಿದ್ದ ಹಿರಿಯರಿಗೆ ಮಾರ್ಕ್ಸ್ ಕಾರ್ಡ್ ನಾನೇ ತೋರಿಸಿದೆ. ಸ್ವಲ್ಪ ಜಂಬ ಇತ್ತು, ಒಪ್ಪುತ್ತೇನೆ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ವಾರದಲ್ಲಿ ಮೂವತ್ತು ನಲವತ್ತು ಫೋನ್ ಬಂದವು. "ಬ್ರದರ್, ಚಿಕ್ಕ ಮಗು ಇದ್ದರೆ ಹೇಳಿ, ಸಾಕುತ್ತೇವೆ." ದತ್ತು ಬೇಕಿದ್ದರೆ ಕೇಂದ್ರ ಸರ್ಕಾರದ ದತ್ತು ಸಂಸ್ಥೆ ಕಾರಾದ ಪೋರ್ಟಲ್ಲಿನಲ್ಲಿ ಹೆಸರು ಹಾಕಿ, ಮಗುವಿನ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಬಿಡಿ ಅಂತ ಹೇಳಿ ಹೇಳಿ ಗಂಟಲು ಒಣಗಿತು. ಲಾರಿಯನ್ನಂತೂ ಕಳಿಸಲಿಲ್ಲ.

ಈಗ ವರ್ಷಕ್ಕೆ ಐದು ಲಕ್ಷದ ಆಸುಪಾಸು ಖರ್ಚು, ಓಡಾಟ ಸೇರಿ. ಸರ್ಕಾರದ ಮಕ್ಕಳ ಯೋಜನೆ ಮಿಷನ್ ವಾತ್ಸಲ್ಯದ ತಿಂಗಳಿಗೆ ನಾಲ್ಕು ಸಾವಿರ ಇಬ್ಬರಿಗೆ ಸಿಕ್ಕಿದೆ, ಅರ್ಜಿ ಹಿಡಿದು ಹನ್ನೊಂದು ಸಲ ಅಲೆದ ಮೇಲೆ. ಮಿಕ್ಕದ್ದರಲ್ಲಿ ದೊಡ್ಡ ಪಾಲು ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆ ಬಂದದ್ದನ್ನು ಕೂಗುವ ಹರಾಜಿನದು. ಕಳೆದ ಸಲ ಒಂದು ಕುಂಬಳಕಾಯಿ ಆರು ಸಾವಿರಕ್ಕೆ ಹೋಯಿತು. ಅದೇ ಹರಾಜಿಗೆ ಹುಡುಗಿಯ ಅಜ್ಜಿ ಒಂದು ಕೆಜಿ ಕರಿಮೆಣಸು ಕಳಿಸಿದ್ದರು. ಎರಡು ಸಾವಿರದ ಮುನ್ನೂರು ಬಂತು. ಅದನ್ನು ಅವರ ಖಾತೆಗೇ ಹಾಕಿದೆ. ಸಂಜೆಯೇ ಫೋನ್: "ಕೊಟ್ಟದ್ದನ್ನ ವಾಪಸ್ ಕಳಿಸ್ತಾರಾ ಯಾರಾದ್ರೂ? ನಿಮ್ ಕಾಣಿಕೆ ನಾವ್ ತಗೊಂಡಿಲ್ವಾ?" ಮುಂದಿನ ತಿಂಗಳು ಹೋದಾಗ ಹಣ ಎಣಿಸಿ ಕೊಟ್ಟರು. ರಸೀದಿ ಬರೆಸಿಕೊಂಡೇ ಬಿಟ್ಟರು.