ಎಳೆ ಕಾಡಿನಲ್ಲಿ ಜೀವಿಗಳನ್ನು ಹುಡುಕುವುದು ಹೇಗೆ?

ಬೆಂಗಳೂರಿನ ಎಷ್ಟೋ ಕೆರೆಗಳ ದಂಡೆಯಲ್ಲಿ ಸ್ವಯಂಸೇವಕರು ನೆಟ್ಟ ಹೊಂಗೆ, ನೇರಳೆ, ಅತ್ತಿ ಗಿಡಗಳು ಈಗ ಆಳೆತ್ತರಕ್ಕೆ ಬಂದಿವೆ. ಇಷ್ಟು ಚಿಕ್ಕ ಕಾಡಲ್ಲಿ ಏನಿರುತ್ತದೆ ಅಂತ ವಾಪಸ್ ಹೋಗಬೇಡಿ. ಗಿಡ ಕುಳ್ಳಗಿರುವಾಗಲೇ ಎಲ್ಲವೂ ನಮ್ಮ ಕಣ್ಣಿನ ಮಟ್ಟದಲ್ಲಿ ಸಿಗುವುದು, ಅಲ್ವಾ?

ಮೊದಲು ಅಲ್ಲಿ ನೀರು ಹಾಕುವವರ ಜೊತೆ ಒಂದು ಭಾನುವಾರ ಸೇರಿಕೊಳ್ಳಿ. ಯಾವ ಗಿಡ ಯಾವಾಗ ನೆಟ್ಟಿದ್ದು, ಹಾವು ಎಲ್ಲಿ ಓಡಾಡುತ್ತದೆ, ಎಲ್ಲ ಅವರಿಗೆ ಗೊತ್ತು. ಮಳೆ ನಿಂತ ಮರುದಿನ ಬೆಳಿಗ್ಗೆ ಏಳು ಗಂಟೆಗೆ ಹೋದರೆ ಒಳ್ಳೆಯದು. ತುಂಬು ತೋಳಿನ ಅಂಗಿ, ಶೂ ಹಾಕಿಕೊಳ್ಳಿ.

ಒಂದು ಕರಿಬೇವಿನ ಗಿಡದ ಮುಂದೆ ಸುಮ್ನೆ ಹತ್ತು ನಿಮಿಷ ಕುಳಿತು ನೋಡಿ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡಿದ್ದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಆಗಿರಬಹುದು! ಬೆಳೆದ ಮೇಲೆ ಅದು ಹಸಿರಾಗುತ್ತದೆ. ಕೆಣಕಿದರೆ ತಲೆ ಹಿಂದಿನಿಂದ ಕೆಂಪು ಕೊಂಬಿನಂಥದ್ದನ್ನು ಚಾಚಿ ವಾಸನೆ ಬಿಡುತ್ತದೆ, ಆದರೆ ದಯವಿಟ್ಟು ಕೆಣಕಬೇಡಿ.

ಅಗಲ ಎಲೆಗಳ ಅಂಚು ಒಂದಕ್ಕೊಂದು ಹೊಲಿದಂತಿದ್ದರೆ ಅದು ಟುವ್ವಿ ಹಕ್ಕಿಯ ಗೂಡಾಗಿರಬಹುದು. ಜೇಡರ ಬಲೆ, ಹತ್ತಿಯ ಎಳೆಯಿಂದ ಹೊಲಿದಿರುತ್ತದೆ. ಕೂಡಲೇ ಹಿಂದೆ ಸರಿಯಿರಿ, ಫೋಟೊ ಆಸೆಗೆ ಎಲೆ ಬಿಡಿಸಬೇಡಿ.

ಒಣ ಎಲೆ ಗುಡಿಸಿ ಸುಡುವುದಂತೂ ಬೇಡವೇ ಬೇಡ. ಸಹಸ್ರಪದಿ, ಎರೆಹುಳು ಎಲ್ಲ ಅದರಡಿಯಲ್ಲೇ ಇರುತ್ತವೆ. ಕಂಡದ್ದನ್ನು ದಿನಾಂಕದ ಜೊತೆ, ಜೀವಿಗಳ ಫೋಟೊ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ, ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನೋಡಿದವರು ಹೇಳುತ್ತಾರೆ.